ಜ್ವರಕ್ಕೊಂದು ರಜೆ

ಬೂಸ್ಟರ್ ಯಾವ ದಿನ ಹಾಕಿಸ್ಕೊಳ್ಳೋದು? ಈ ಪ್ರಶ್ನೆಗೆ ಬೆಂಗಳೂರಿನ ಆಫೀಸು ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಉತ್ತರ ಇತ್ತು. ಶುಕ್ರವಾರ ಸಂಜೆ. ಶನಿವಾರ ಜ್ವರ, ಭಾನುವಾರ ಮೈಕೈ ನೋವು, ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗು. ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಹೋಗಬಾರದು, ಯಾಕಂದ್ರೆ ಮಗುವಿಗೆ ದೋಸೆ ಹುಯ್ಯೋಕೆ ಒಬ್ಬರಾದರೂ ಎದ್ದು ನಿಲ್ಲೋ ಹಾಗಿರಬೇಕು. ರಿಲೀಸ್ ಇರೋ ವಾರ ಬೇಡ. ಎಡಗೈಗೇ ಚುಚ್ಚಿಸ್ಕೊಳ್ಳಿ. ಫ್ರಿಜ್ಜಲ್ಲಿ ಸಾರು ಇರಲಿ, ಮೇಜಿನ ಮೇಲೆ ಡೋಲೋ ಇರಲಿ.

ಇದನ್ನೆಲ್ಲ ನೋಡಿ ಹಿರಿಯರು ಕೆಲವರು ನಕ್ಕದ್ದುಂಟು. ಒಂದು ಇಂಜೆಕ್ಷನ್‌ಗೆ ಇಷ್ಟೊಂದು ಪ್ಲಾನಾ, ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ ಅಂತ. ಇತ್ತು. ನಮ್ಮ ಕಾಲಕ್ಕಿಂತ ಜಾಸ್ತಿಯೇ ಇತ್ತು. ಲಸಿಕೆ ಅನ್ನೋ ಪದಾರ್ಥ ಹುಟ್ಟೋ ಮೊದಲೇ ಈ ಪ್ಲಾನಿಂಗ್ ಹುಟ್ಟಿತ್ತು. ಒಬ್ಬ ಸೇನಾಪತಿ ಇದರ ಲೆಕ್ಕದಲ್ಲೇ ಒಂದು ಯುದ್ಧವನ್ನು ಉಳಿಸಿಕೊಂಡ ಅಂದರೂ ತೀರಾ ಉತ್ಪ್ರೇಕ್ಷೆಯಾಗೋದಿಲ್ಲ.

ಮೊದಲು ಬಂಗಾಳಕ್ಕೆ ಹೋಗೋಣ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನಾಗಿ, ಆಮೇಲೆ ಆಡಳಿತಗಾರನಾಗಿ ಇದ್ದ ಜೆ. ಜೆ. ಹಾಲ್ವೆಲ್ 1767ರಲ್ಲಿ ಲಂಡನ್ನಿನ ವೈದ್ಯರಿಗಾಗಿ ಒಂದು ಪುಟ್ಟ ಪುಸ್ತಕ ಬರೆದ. ಬಂಗಾಳದಲ್ಲಿ ಸಿಡುಬಿಗೆ ಹೇಗೆ ಚುಚ್ಚುತ್ತಾರೆ ಅನ್ನೋದು ಅದರ ವಿಷಯ. ಅವರು ಚುಚ್ಚುತ್ತಿದ್ದದ್ದು ಲಸಿಕೆಯಲ್ಲ, ನಿಜವಾದ ಸಿಡುಬಿನ ಕೀವನ್ನೇ. ಹಿಂದಿನ ವರ್ಷದ ಗುಳ್ಳೆಯಿಂದ ತೆಗೆದಿಟ್ಟದ್ದನ್ನು ತೋಳಿನ ಮೇಲೆ ಸಣ್ಣಗೆ ಗೀರಿ ಸೇರಿಸೋದು. ಸಣ್ಣ ಪ್ರಮಾಣದ ಸಿಡುಬು ಬರುತ್ತೆ, ಬಹುಪಾಲು ಜನ ಉಳಿಯುತ್ತಾರೆ, ಮತ್ತೆ ಜೀವನಪೂರ್ತಿ ಆ ಕಾಟ ಇಲ್ಲ. ಚುಚ್ಚುವವರು ಊರೂರು ತಿರುಗುತ್ತಿದ್ದ ಬ್ರಾಹ್ಮಣರು. ರೋಗ ಸಾಮಾನ್ಯವಾಗಿ ಕಾಣಿಸಿಕೊಳ್ಳೋ ಬೇಸಿಗೆಗೆ ಕೆಲವು ವಾರ ಮುಂಚೆಯೇ ಬಂದುಬಿಡುತ್ತಿದ್ದರು. ನನಗೆ ಇಷ್ಟವಾಗೋದು ಹಾಲ್ವೆಲ್ ಬರೆದಿರೋ ಒಂದು ವಿವರ. ಚುಚ್ಚಿಸಿಕೊಳ್ಳುವವರು ಒಂದು ತಿಂಗಳು ಮೊದಲಿನಿಂದ ಮೀನು, ಹಾಲು, ತುಪ್ಪ ಬಿಟ್ಟಿರಬೇಕು. ಬಿಟ್ಟಿಲ್ಲ ಅಂದರೆ ಆತ ಚುಚ್ಚೋದೇ ಇಲ್ಲ, ಮುಂದಿನ ಮನೆಗೆ ಹೋಗುತ್ತಾನೆ. ಬಂಗಾಳಿಗಳಿಗೆ ಒಂದು ತಿಂಗಳು ಮೀನು ಬಿಡಿ ಅನ್ನೋದು ಎಂಥ ಷರತ್ತು, ಯೋಚಿಸಿ. ಚುಚ್ಚಿದ ಮೇಲೂ ತಣ್ಣೀರು ಸುರಿಯೋದು, ಯಾವಾಗ ನಿಲ್ಲಿಸೋದು, ಏನು ತಿನ್ನೋದು ಎಲ್ಲಕ್ಕೂ ವೇಳಾಪಟ್ಟಿ ಇತ್ತು. ಮೀನು ಬಿಟ್ಟಿದ್ದರಿಂದ ಏನಾದರೂ ಉಪಯೋಗ ಆಯಿತೋ ಇಲ್ಲವೋ, ಜ್ವರ ಬರುತ್ತೆ ಅನ್ನೋದನ್ನು ಒಪ್ಪಿಕೊಂಡು ಅದಕ್ಕೆ ಕ್ಯಾಲೆಂಡರ್‌ನಲ್ಲಿ ಜಾಗ ಮಾಡಿಟ್ಟಿದ್ದರು ಅನ್ನೋದು ಮುಖ್ಯ.

ಈಗ ಅಮೆರಿಕಕ್ಕೆ. 1776ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ವಸಾಹತು ಸೈನ್ಯಕ್ಕೆ ಇಬ್ಬರು ಶತ್ರುಗಳು. ಒಬ್ಬರು ಕೆಂಪು ಕೋಟಿನವರು, ಇನ್ನೊಂದು ಸಿಡುಬು. ಬ್ರಿಟಿಷ್ ಸೈನಿಕರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿರುತ್ತಿತ್ತು. ಅಮೆರಿಕದ ಹಳ್ಳಿಗಳ ರೈತರ ಮಕ್ಕಳು ಅದನ್ನು ಕಂಡಿರಲಿಲ್ಲ. ಕ್ವಿಬೆಕ್ ಗೆಲ್ಲೋಕೆ ಹೋದ ಸೈನ್ಯ ಸಿಡುಬಿನಿಂದಲೇ ಕುಸಿದುಹೋಯಿತು. ಅಲ್ಲಿನ ದಳಪತಿ ಜಾನ್ ಥಾಮಸ್ ಸ್ವತಃ ವೈದ್ಯ. ತನ್ನ ಸೈನಿಕರು ಚುಚ್ಚಿಸಿಕೊಳ್ಳಬಾರದು ಅಂತ ನಿಷೇಧ ಹಾಕಿದ್ದವನು. 1776ರ ಜೂನ್‌ನಲ್ಲಿ ಅವನೂ ಸಿಡುಬಿಗೇ ಬಲಿಯಾದ.

ನಿಷೇಧ ಯಾಕೆ? ಮೂರ್ಖತನದಿಂದ ಅಲ್ಲ. ಜಾರ್ಜ್ ವಾಷಿಂಗ್ಟನ್ ಕೂಡ ಆ ವರ್ಷ ಸೈನ್ಯದಲ್ಲಿ ಚುಚ್ಚಿಸಿಕೊಳ್ಳೋದನ್ನು ಕಟ್ಟುನಿಟ್ಟಾಗಿ ತಡೆದಿದ್ದ. ಅವನಿಗೆ ಸಿಡುಬು ಏನು ಅಂತ ಗೊತ್ತಿತ್ತು. 1751ರಲ್ಲಿ ಬಾರ್ಬಡೋಸ್‌ಗೆ ಹೋದಾಗ ಅವನಿಗೇ ಬಂದಿತ್ತು. ಸಮಸ್ಯೆ ಏನಪ್ಪಾ ಅಂದ್ರೆ, ಚುಚ್ಚಿಸಿಕೊಂಡವನು ಮೂರ್ನಾಲ್ಕು ವಾರ ಹಾಸಿಗೆ ಹಿಡಿಯುತ್ತಾನೆ. ಅಷ್ಟೂ ದಿನ ಅವನಿಂದ ಬೇರೆಯವರಿಗೆ ನಿಜವಾದ ಸಿಡುಬು ಅಂಟಬಹುದು. ಅರ್ಧ ಸೈನ್ಯ ಜ್ವರದಲ್ಲಿ ಮಲಗಿದೆ ಅನ್ನೋ ಸುದ್ದಿ ಬ್ರಿಟಿಷರಿಗೆ ಸಿಕ್ಕಿದರೆ ಅಲ್ಲಿಗೆ ಕತೆ ಮುಗಿಯಿತು. ಚುಚ್ಚಿಸದಿದ್ದರೂ ಸಾವು, ಚುಚ್ಚಿಸಿದರೂ ಸೋಲು ಅನ್ನೋ ಪರಿಸ್ಥಿತಿ.

1777ರ ಚಳಿಗಾಲದಲ್ಲಿ ವಾಷಿಂಗ್ಟನ್ ಮನಸ್ಸು ಬದಲಿಸಿದ. ಒಮ್ಮೆ ಆದೇಶ ಕೊಟ್ಟು, ಹಿಂದೆಗೆದುಕೊಂಡು, ಫೆಬ್ರವರಿ ಹೊತ್ತಿಗೆ ಗಟ್ಟಿಯಾಗಿ ನಿರ್ಧರಿಸಿದ. ಇಡೀ ಸೈನ್ಯಕ್ಕೆ ಚುಚ್ಚಬೇಕು. ಆಮೇಲೆ ನಡೆದದ್ದನ್ನು ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜ್ಮೆಂಟ್. ಚಳಿಗಾಲ, ಎರಡೂ ಕಡೆ ಯುದ್ಧ ಮಂದ, ಆದ್ದರಿಂದ ಈಗಲೇ. ಎಲ್ಲರಿಗೂ ಒಟ್ಟಿಗೆ ಅಲ್ಲ, ತಂಡ ತಂಡವಾಗಿ. ಗುಟ್ಟಾಗಿ. ಹೊಸದಾಗಿ ಸೇರುವವರಿಗೆ ಮೊದಲು ಚುಚ್ಚು, ಆಮೇಲೆ ಸಮವಸ್ತ್ರ ಮತ್ತು ಬಂದೂಕು. ಹೇಗಿದ್ದರೂ ಬಟ್ಟೆ ಬಂದೂಕು ಹೊಂದಿಸೋಕೆ ಕೆಲವು ವಾರ ಬೇಕು, ಆ ಕಾಯೋ ಸಮಯದಲ್ಲೇ ಜ್ವರ ಬಂದು ಹೋಗಲಿ ಅನ್ನೋದು ಲೆಕ್ಕ. ಫಿಲಡೆಲ್ಫಿಯಾದಲ್ಲಿ, ನ್ಯೂ ಜೆರ್ಸಿಯ ಮಾರಿಸ್‌ಟೌನ್‌ನಲ್ಲಿ, ಬೇರೆ ಊರುಗಳಲ್ಲಿ ಸೈನಿಕರು ಸರದಿಯ ಮೇಲೆ ಮಲಗಿದರು, ಎದ್ದರು. ಬ್ರಿಟಿಷರು ಆ ಅವಕಾಶವನ್ನು ಬಳಸಿಕೊಳ್ಳಲಿಲ್ಲ. ಸರ್ಕಾರವೊಂದು ತನ್ನ ಇಡೀ ಸೈನ್ಯಕ್ಕೆ ರೋಗನಿರೋಧಕ ಚುಚ್ಚಿಸಿದ ಮೊದಲ ಪ್ರಸಂಗಗಳಲ್ಲಿ ಇದೂ ಒಂದು. ಇದರಲ್ಲಿ ಔಷಧಿಯ ಪಾತ್ರಕ್ಕಿಂತ ವೇಳಾಪಟ್ಟಿಯ ಪಾತ್ರವೇ ದೊಡ್ಡದು ಅಂತ ನನಗನ್ನಿಸುತ್ತೆ. ಔಷಧಿ ಹಿಂದಿನ ವರ್ಷವೂ ಇತ್ತಲ್ಲ!

1796ರಲ್ಲಿ ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ದಾರಿ ತೋರಿಸಿದ ಮೇಲೆ ಮೂರು ವಾರದ ಹಾಸಿಗೆ ತಪ್ಪಿತು. ಆದರೆ ಹೊಸದೊಂದು ಕಟ್ಟುಪಾಡು ಬಂತು, ಎಂಟನೇ ದಿನ. ಆಗ ಫ್ರಿಜ್ ಇಲ್ಲ, ಬಾಟಲಿ ಇಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಗುಳ್ಳೆ ಸರಿಯಾಗಿ ತುಂಬೋದು ಎಂಟನೇ ದಿನದ ಹೊತ್ತಿಗೆ. ಅಂದರೆ ಮಗುವಿಗೆ ಜ್ವರ ಬಂದು, ತೋಳು ಊದಿ, ರಾತ್ರಿಯೆಲ್ಲ ಅತ್ತು ಮುಗಿಸೋ ಹೊತ್ತಿಗೆ ತಾಯಿ ಅದನ್ನು ಮತ್ತೆ ಎತ್ತಿಕೊಂಡು ಹೋಗಬೇಕು, ಪಾಸಾಯಿತಾ ಅಂತ ನೋಡಿಸೋಕೆ ಮಾತ್ರವಲ್ಲ, ಬೇರೆ ಮಕ್ಕಳಿಗೆ ರಸ ಕೊಡೋಕೆ. ಭಾರತಕ್ಕೆ ಲಸಿಕೆ ಬಂದದ್ದೇ ಹೀಗೆ ತೋಳಿನಿಂದ ತೋಳಿಗೆ, ಬಾಗ್ದಾದ್, ಬಸ್ರಾ ದಾಟಿ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಹುಡುಗಿಯ ತೋಳಲ್ಲಿ ಅದು ಹಿಡಿಯಿತು. ಅಲ್ಲಿಂದ ಮದ್ರಾಸು, ಮೈಸೂರು.

ಮೈಸೂರಿನ ಕತೆ ನಿಮಗೆ ಗೊತ್ತಿರಬಹುದು. ಥಾಮಸ್ ಹಿಕಿ ಸುಮಾರು 1805ರಲ್ಲಿ ಬರೆದ ಚಿತ್ರವೊಂದರಲ್ಲಿ ಮೂವರು ಹೆಂಗಸರಿದ್ದಾರೆ. ಬಹಳ ಕಾಲ ಇವರು ಯಾರೋ ನರ್ತಕಿಯರು ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಇಲ್ಲ, ಇವರು ಮೈಸೂರಿನ ಅರಮನೆಯವರು ಅಂತ ವಾದಿಸಿದರು. ಬಲಗಡೆ ಇರೋದು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ವಯಸ್ಸಿನ ರಾಣಿ ದೇವಾಜಮ್ಮಣ್ಣಿ. ಆಕೆ ಸೀರೆಯ ಸೆರಗನ್ನು ಸರಿಸಿ ಎಡತೋಳಿನ ಮೇಲ್ಭಾಗವನ್ನು ತೋರಿಸುತ್ತಿರೋ ಹಾಗಿದೆ, ಅಲ್ಲೇ ಚುಚ್ಚಿದ್ದು ಅನ್ನೋ ಹಾಗೆ. ನಡುವೆ ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ ಇರಬೇಕು ಅಂತ ಅವರ ಊಹೆ. ಎಡಗಡೆ ಇರುವವಳ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಪದ್ಧತಿಯಲ್ಲಿ ಸಿಡುಬಿನ ಪುಡಿಯನ್ನು ಮೂಗಿಗೆ ಊದಿದ ಗುರುತಿರಬಹುದು ಅನ್ನೋದು ಚಾನ್ಸೆಲರ್ ವಾದ. ವಾದ ಪೂರ್ತಿ ಒಪ್ಪಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಒಪ್ಪಿದರೆ, ಒಂದೇ ಚೌಕಟ್ಟಿನಲ್ಲಿ ಎರಡು ಬಗೆಯ ಸೈಡ್ ಎಫೆಕ್ಟ್: ಮುಖದ ಮೇಲೆ ಉಳಿದದ್ದು ಒಂದು, ಸೆರಗಿನ ಕೆಳಗೆ ಮುಚ್ಚಿಕೊಳ್ಳುವಂಥದ್ದು ಇನ್ನೊಂದು. ನಮ್ಮ ಅಜ್ಜಿಯರ ತೋಳಿನ ಮೇಲಿದ್ದ ದುಂಡನೆಯ ಕಲೆ ಈ ಎರಡನೆಯ ಜಾತಿಯದು.

ಲಸಿಕೆ ಒಂದು ಸಲ ಸಾಕು, ಜನ್ಮವಿಡೀ ಕಾಯುತ್ತೆ ಅಂತ ಜೆನ್ನರ್ ನಂಬಿದ್ದ. ಒಂದೆರಡು ದಶಕದಲ್ಲೇ ಅದು ಸುಳ್ಳಾಯಿತು, ಮಕ್ಕಳಾಗಿದ್ದಾಗ ಹಾಕಿಸಿಕೊಂಡವರು ದೊಡ್ಡವರಾದ ಮೇಲೆ ಸಿಡುಬು ಬಂದು ಮಲಗತೊಡಗಿದರು. ಪ್ರಷ್ಯಾ 1830ರ ದಶಕದಲ್ಲಿ ತನ್ನ ಸೈನಿಕರಿಗೆಲ್ಲ ಮರುಲಸಿಕೆ ಶುರು ಮಾಡಿತು. 1870-71ರ ಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿ ಸಿಡುಬು ಸಾವಿರಾರು ಜನರನ್ನು ಕೊಂದಾಗ ಜರ್ಮನ್ ಸೈನ್ಯದಲ್ಲಿ ಸತ್ತವರು ನೂರರ ಲೆಕ್ಕದಲ್ಲಿ. 1874ರಲ್ಲಿ ಜರ್ಮನಿ ಕಾನೂನು ಮಾಡಿತು, ಮಗುವಿಗೆ ಒಂದು ಸಲ, ಶಾಲೆಯಲ್ಲಿ ಹನ್ನೆರಡನೇ ವಯಸ್ಸಿಗೆ ಇನ್ನೊಂದು ಸಲ. ಬೂಸ್ಟರ್ ಅನ್ನೋ ಹೆಸರಿಲ್ಲದ ಬೂಸ್ಟರ್. ನಮ್ಮಲ್ಲಿ ಲಸಿಕೆ ಹಾಕುವವರು ಸಾಮಾನ್ಯವಾಗಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಮಾತ್ರ ಊರೂರು ತಿರುಗುತ್ತಿದ್ದರು. ಬಿಸಿಲಿಗೆ ರಸ ಕೆಡುತ್ತೆ ಅನ್ನೋದು ಒಂದು ಕಾರಣ, ಬಿರುಬೇಸಿಗೆಯಲ್ಲಿ ಹುಣ್ಣಾದ ತೋಳನ್ನು ಯಾರೂ ಬಯಸೋದಿಲ್ಲ ಅನ್ನೋದು ಇನ್ನೊಂದು.

ಈಗ ನಿಜವಾಗಿ ಹೇಳಬೇಕಾದ ಕತೆಗೆ ಬರ್ತೀನಿ.

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಗೆ ಪ್ಲೇಗು ಬಂತು. ಅಕ್ಟೋಬರಿನಲ್ಲಿ ವಾಲ್ಡೆಮಾರ್ ಹಾಫ್ಕಿನ್ ಅವರನ್ನು ಕರೆಸಿದರು. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವರು, ಅದಕ್ಕೂ ಮೊದಲೇ ಕಲ್ಕತ್ತೆಯ ಬಸ್ತಿಗಳಲ್ಲಿ ಕಾಲರಾ ಲಸಿಕೆ ಹಾಕಿ ಹೆಸರಾಗಿದ್ದವರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅವರು ಮಾಂಸದ ಸಾರಿನಲ್ಲಿ ಬೆಳೆಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಅವುಗಳ ಅಡಿಯಿಂದ ಬ್ಯಾಕ್ಟೀರಿಯಾ ಬಿಳಲುಗಳ ಹಾಗೆ ಕೆಳಗಿಳಿದು ಬೆಳೆಯುತ್ತಿದ್ದವು. ಹಿಂದೂಗಳಿಗೂ ಮುಸ್ಲಿಮರಿಗೂ ತೊಂದರೆಯಾಗದಿರಲಿ ಅಂತ ದನ, ಹಂದಿ ಬಿಟ್ಟು ಆಡಿನ ಮಾಂಸ ಬಳಸಿದರು. ಆ ಬೆಳೆಯನ್ನು ಬಿಸಿಮಾಡಿ ಕೊಂದರೆ ಲಸಿಕೆ ಸಿದ್ಧ.

1897ರ ಜನವರಿ 10ರಂದು ಅವರು ಮೊದಲ ಪ್ರಯೋಗ ಮಾಡಿದ್ದು ತಮ್ಮ ಮೇಲೆಯೇ. ಚುಚ್ಚಿಸಿಕೊಂಡದ್ದು 10 ಸಿಸಿ, ಮುಂದೆ ಜನಕ್ಕೆ ಕೊಟ್ಟ ಡೋಸಿನ ಮೂರು ಪಟ್ಟಿಗೂ ಹೆಚ್ಚು. ಜೋರು ಜ್ವರ ಬಂತು, ಚುಚ್ಚಿದ ಜಾಗ ದಿನಗಟ್ಟಲೆ ನೋಯುತ್ತಿತ್ತು. ಆ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು, ಸುಮಾರು ಅರ್ಧ ಕೈದಿಗಳು ಸ್ವಯಂ ಮುಂದೆ ಬಂದು ಚುಚ್ಚಿಸಿಕೊಂಡರು. ಮುಂದಿನ ದಿನಗಳಲ್ಲಿ ಚುಚ್ಚಿಸಿಕೊಳ್ಳದವರಲ್ಲಿ 12 ಜನಕ್ಕೆ ಪ್ಲೇಗು ಬಂದು 6 ಜನ ಸತ್ತರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ.

ಹಾಫ್ಕಿನ್ ಲಸಿಕೆಗೂ ಜ್ವರಕ್ಕೂ ಇದ್ದ ಸಂಬಂಧ ವಿಚಿತ್ರವಾದದ್ದು. ಅವರ ಪಾಲಿಗೆ ಜ್ವರ ಒಂದು ಅಡ್ಡಪರಿಣಾಮವೇ ಅಲ್ಲ, ಅದೇ ಅಳತೆಗೋಲು. ಒಂದು ಬಾಟಲಿಯ ಲಸಿಕೆ ಎಷ್ಟು ಶಕ್ತಿಯದು ಅಂತ ತಿಳಿಯೋಕೆ ಇವತ್ತಿನ ಹಾಗೆ ಪರೀಕ್ಷೆಗಳಿರಲಿಲ್ಲ. ಚುಚ್ಚಿಸಿಕೊಂಡವರಿಗೆ ಎಷ್ಟು ಜ್ವರ ಬಂತು ಅಂತ ನೋಡೋದೇ ದಾರಿ. ಜ್ವರ ಕಡಿಮೆ ಅಂದರೆ ಡೋಸ್ ಸಾಲದು. ಅಂದರೆ ಮಿಲ್ಲಿನ ಕೂಲಿಯವನೊಬ್ಬ ಯಾವುದಕ್ಕೆ ಹೆದರುತ್ತಿದ್ದನೋ, ವಿಜ್ಞಾನಿ ಅದನ್ನೇ ಹುಡುಕುತ್ತಿದ್ದ.

ಇಲ್ಲಿ ನಮ್ಮ ಹುಬ್ಬಳ್ಳಿ ಬರುತ್ತೆ. 1898ರಲ್ಲಿ ಹುಬ್ಬಳ್ಳಿ ಬೊಂಬಾಯಿ ಪ್ರಾಂತ್ಯದ ಊರು, ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪು, ಹತ್ತಿ ಮಿಲ್ಲು, ಸುಮಾರು ಐವತ್ತು ಸಾವಿರ ಜನ. ಪ್ಲೇಗು ನುಗ್ಗಿದಾಗ ಕ್ಯಾಪ್ಟನ್ ಲೂಮನ್ ಅನ್ನೋ ಸೇನಾ ವೈದ್ಯ ಅಲ್ಲಿ ಲಸಿಕೆ ಹಾಕಿಸತೊಡಗಿದ. ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು, ಹಲವರು ಎರಡೆರಡು ಸಲ. ಒಂದು ಊರಿಗೆ ಊರೇ ಹೀಗೆ ತೋಳು ಚಾಚಿದ್ದು ಆಗಿನ ಕಾಲಕ್ಕೆ ಅಪರೂಪದಲ್ಲಿ ಅಪರೂಪ, ಪ್ಲೇಗ್ ಲಸಿಕೆಯ ಪರ ವಾದಿಸುವವರೆಲ್ಲ ಮುಂದೆ ವರ್ಷಗಟ್ಟಲೆ ಹುಬ್ಬಳ್ಳಿಯ ಅಂಕಿಗಳನ್ನೇ ತೋರಿಸುತ್ತಿದ್ದರು. ಅದೇ ಆಗಸ್ಟಿನಲ್ಲಿ ರೈಲಿನ ದಾರಿಯಲ್ಲೇ ಪ್ಲೇಗು ಬೆಂಗಳೂರಿಗೂ ಬಂತು. ಆ ಭಯದಿಂದ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನಾವು ಇವತ್ತು ಫಿಲ್ಟರ್ ಕಾಫಿ ಕುಡೀತಾ ಹಳೇ ಬೆಂಗಳೂರು ಎಷ್ಟು ಚೆಂದ ಅಂತೀವಿ.

ಹುಬ್ಬಳ್ಳಿಯ ಆ ಮೂವತ್ತು ಸಾವಿರ ಜನರಲ್ಲಿ ಬಹುಪಾಲು ಮಂದಿಗೆ ಜ್ವರ ಬಂದಿರಬೇಕು. ಒಂದೆರಡು ದಿನ ಕಾಯಿಸಿ ಮಲಗಿಸೋ ಜ್ವರ, ಮೂರ್ನಾಲ್ಕು ದಿನ ಎತ್ತಲಾಗದ ತೋಳು. ಮಗ್ಗಕ್ಕೆ ತೋಳು ಬೇಕು, ಸುತ್ತಿಗೆಗೆ ತೋಳು ಬೇಕು. ಆ ದಿನಗಳ ಅಂಬಲಿ ಯಾರು ಕೊಟ್ಟರು, ಯಾರ ಮನೆಯಲ್ಲಿ ಮೊದಲು ಗಂಡಸರು ಹೋದರು, ಯಾರ ಮನೆಯಲ್ಲಿ ಹೆಂಗಸರು ಕಾದರು, ಕೋಷ್ಟಕಗಳಲ್ಲಿ ಇಂಥವಕ್ಕೆ ಕಾಲಂ ಇರೋದಿಲ್ಲ. ಪ್ಲೇಗಿನ ಕಾಲದಲ್ಲಿ ಲಸಿಕೆ ಬೇಡ ಅಂದವರ ಬಗ್ಗೆ ನಾವು ಓದೋದೆಲ್ಲ ಮೂಢನಂಬಿಕೆ, ವದಂತಿ ಅನ್ನೋ ಮಾತುಗಳಲ್ಲಿ. ಅವೂ ಇದ್ದವು. ಆದರೆ ದಿನಗೂಲಿಯವನಿಗೆ ಎರಡು ದಿನದ ಜ್ವರ ಅಂದರೆ ಎರಡು ದಿನದ ಊಟ, ಅದಕ್ಕೆ ದೆವ್ವ ಭೂತದ ವಿವರಣೆ ಬೇಕಿಲ್ಲ.

ಸೈಡ್ ಎಫೆಕ್ಟ್ ಅಂತ ನಾವು ಹೇಳೋದಕ್ಕೂ ನಿಜವಾದ ಅಪಘಾತಕ್ಕೂ ಇರೋ ವ್ಯತ್ಯಾಸವನ್ನು ಜನ ಆಗ ಹೇಗೆ ಗುರುತಿಸಬೇಕಿತ್ತು? 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಜನಕ್ಕೆ ಪ್ಲೇಗ್ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಒಂದೇ ಬಾಟಲಿಯ ಔಷಧಿ. ತಪ್ಪು ಪ್ರಯೋಗಾಲಯದ್ದು ಅಂತ ತೀರ್ಮಾನಿಸಿ ಹಾಫ್ಕಿನ್‌ರನ್ನು ಹುದ್ದೆಯಿಂದ ಇಳಿಸಿದರು. ಆಮೇಲೆ ಹೊರಬಂದ ವಿವರ ಬೇರೆ ಇತ್ತು. ಹಳ್ಳಿಯಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು. ಮಲೇರಿಯಾದ ರೊನಾಲ್ಡ್ ರಾಸ್ ಸೇರಿ ಹಲವು ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್‌ಗೆ ಪತ್ರ ಬರೆದು ಜಗಳ ಆಡಿದ ಮೇಲೆ ಹಾಫ್ಕಿನ್ ಮೇಲಿನ ಆರೋಪ ಬಿತ್ತು. ಆ ಹೊತ್ತಿಗೆ ಪ್ಲೇಗು ಲಕ್ಷಾಂತರ ಜನರನ್ನು ತಿಂದಿತ್ತು.

ಹಾಫ್ಕಿನ್‌ರ ಕೆಲಸದಿಂದ ಪ್ರೇರಣೆ ಪಡೆದವರಲ್ಲಿ ಆಲ್ಮ್‌ರಾತ್ ರೈಟ್ ಒಬ್ಬ, ಬ್ರಿಟಿಷ್ ಸೇನೆಯ ವೈದ್ಯಶಾಲೆಯಲ್ಲಿದ್ದವನು. 1896ರಲ್ಲಿ ಟೈಫಾಯಿಡ್ ಲಸಿಕೆ ತಯಾರಿಸಿದ. ಬುದ್ಧಿವಂತ, ಮೊಂಡ, ಡೋಸ್ ವಿಷಯದಲ್ಲಿ ಕೈ ಧಾರಾಳ. ಚುಚ್ಚಿಸಿಕೊಂಡವರಿಗೆ ಜ್ವರ, ವಾಂತಿ, ತಲೆಸುತ್ತು, ಕೆಲವರು ಕುಸಿದುಬಿಡುತ್ತಿದ್ದರು. ಬೋಯರ್ ಯುದ್ಧಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೊರಟ ಸೈನಿಕರಿಗೆ ಹಡಗಿನಲ್ಲೇ ಲಸಿಕೆ ಕೊಡೋ ವ್ಯವಸ್ಥೆಯಾಯಿತು. ಯೋಚನೆ ಚೆನ್ನಾಗಿತ್ತು, ಪ್ರಯಾಣ ವಾರಗಟ್ಟಲೆ, ಇಳಿಯೋ ಹೊತ್ತಿಗೆ ಜ್ವರ ಇಳಿದಿರುತ್ತೆ. ವಾಷಿಂಗ್ಟನ್ನನ ಲೆಕ್ಕವೇ. ಆದರೆ ಹಡಗಿನ ಹೊಯ್ದಾಟ, ಅದರ ಮೇಲೆ ಲಸಿಕೆಯ ವಾಂತಿ, ಪಕ್ಕದ ಹಾಸಿಗೆಯವನ ಗತಿ ನೋಡಿ ಮಿಕ್ಕವರು ಬೇಡವೇ ಬೇಡ ಅಂದರು. ಕಡ್ಡಾಯವೂ ಇರಲಿಲ್ಲ. ಲಸಿಕೆಯ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು ಅನ್ನೋ ಕತೆಯೂ ಇದೆ. ಮೂರು ಲಕ್ಷಕ್ಕೂ ಹೆಚ್ಚು ಸೈನಿಕರಲ್ಲಿ ಹಾಕಿಸಿಕೊಂಡವರು ಸುಮಾರು 14 ಸಾವಿರ. ಟೈಫಾಯಿಡ್‌ನಿಂದ ಸತ್ತವರು ಸುಮಾರು 8 ಸಾವಿರ. ಷರ್ಲಾಕ್ ಹೋಮ್ಸ್ ಕತೆಗಳ ಆರ್ಥರ್ ಕಾನನ್ ಡಾಯ್ಲ್ 1900ರಲ್ಲಿ ಬ್ಲೂಮ್‌ಫಾಂಟೇನ್‌ನ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿ ಆ ಸಾವುಗಳನ್ನು ಕಣ್ಣಾರೆ ಕಂಡ. ಇದನ್ನು ಕಡ್ಡಾಯ ಮಾಡಬೇಕಿತ್ತು ಅಂತ ವಾಪಸ್ ಬಂದು ಬರೆದ.

ಆಮೇಲೆ ಬಂದ ವಿಲಿಯಂ ಲೀಶ್ಮನ್ ಮಾಡಿದ ಕೆಲಸಕ್ಕೆ ರೈಟ್‌ನಷ್ಟು ಹೆಸರಿಲ್ಲ. ಅದೊಂದು ಅನ್ಯಾಯ. ಆತ ಲಸಿಕೆಯನ್ನು ಜನ ಸಹಿಸಿಕೊಳ್ಳೋ ಹಾಗೆ ಮಾಡಿದ. ಬ್ಯಾಕ್ಟೀರಿಯಾವನ್ನು ಕಡಿಮೆ ಶಾಖದಲ್ಲಿ ಕೊಂದ, ಒಂದೇ ದೊಡ್ಡ ಡೋಸ್ ಬದಲು ಮೊದಲು ಸಣ್ಣದು, ಸುಮಾರು ಹತ್ತು ದಿನ ಬಿಟ್ಟು ದೊಡ್ಡದು. ಭಾರತದಲ್ಲಿದ್ದ ರೆಜಿಮೆಂಟುಗಳಲ್ಲಿ ಲೆಕ್ಕ ಇಟ್ಟು ತೋರಿಸಿದ. ಮೊದಲ ಮಹಾಯುದ್ಧ ಬರೋ ಹೊತ್ತಿಗೆ ಸೇನೆ ಇನ್ನೊಂದು ವಿಷಯ ಕಲಿತಿತ್ತು. ಲಸಿಕೆ ಹಾಕಿಸಿಕೊಂಡ ಸೈನಿಕನಿಗೆ 48 ಗಂಟೆ ಡ್ಯೂಟಿ ಇಲ್ಲ. ಕವಾಯತು ಇಲ್ಲ, ಕಾವಲು ಇಲ್ಲ. ಹೆಂಡ ಮುಟ್ಟಬೇಡ, ಮಲಗು. ಆ ಯುದ್ಧದ ಸೈನಿಕರ ಡೈರಿಗಳಲ್ಲಿ ಈ ನಲವತ್ತೆಂಟು ಗಂಟೆ ಪದೇ ಪದೇ ಬರುತ್ತೆ. ಬೈಗುಳ, ಊದಿದ ತೋಳು, ಸಾಲಲ್ಲಿ ನಿಂತಿದ್ದಾಗಲೇ ಬಿದ್ದ ದೊಡ್ಡ ಮೀಸೆಯವನ ಬಗ್ಗೆ ನಗು, ಆಮೇಲೆ ಎರಡು ದಿನ ನಿದ್ದೆ. ಯುದ್ಧದ ಕೊನೆಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡಿದ್ದರು. ಬೋಯರ್ ಯುದ್ಧಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸೈನ್ಯ, ಕೆಸರಿನ ಕಂದಕ, ಆದರೂ ಟೈಫಾಯಿಡ್ ಸಾವುಗಳು ಸುಮಾರು 1,200.

ಲೀಶ್ಮನ್‌ನ ಸುಧಾರಿಸಿದ ಲಸಿಕೆಗೆ ಎಷ್ಟು ಶ್ರೇಯ, ಶುದ್ಧ ನೀರಿಗೆ ಎಷ್ಟು, ಆ ಎರಡು ದಿನದ ರಜೆಗೆ ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ. ಆದರೆ ರಜೆಗೆ ಸೊನ್ನೆ ಅಂತ ಹೇಳೋಕೆ ನಾನು ತಯಾರಿಲ್ಲ.

ಇಷ್ಟಾಗಿ ನಮ್ಮ ಕಾಲದ ಬೂಸ್ಟರ್‌ಗೆ ಬಂದರೆ, ಭಾರತದಲ್ಲಿ ಕೋವಿಡ್‌ನ ಮೂರನೇ ಡೋಸ್ ಶುರುವಾದದ್ದು 2022ರ ಜನವರಿ 10ರಂದು. ಹಾಫ್ಕಿನ್ ತನಗೆ ತಾನು ಚುಚ್ಚಿಸಿಕೊಂಡ ದಿನಕ್ಕೆ ಸರಿಯಾಗಿ 125 ವರ್ಷ. ಯಾರೂ ಬೇಕಂತ ಆರಿಸಿದ ದಿನ ಅಲ್ಲ. ಸರ್ಕಾರ ಅದನ್ನು ಬೂಸ್ಟರ್ ಅನ್ನದೆ ಪ್ರಿಕಾಷನ್ ಡೋಸ್ ಅಂತ ಕರೆಯಿತು. ಜನ ಬೂಸ್ಟರ್ ಅಂತಲೇ ಕರೆದರು.

ಈ ಸಲ ಪ್ಲಾನ್ ಮಾಡೋಕೆ ನಮ್ಮ ಹತ್ತಿರ ಅಂಕಿಗಳಿದ್ದವು. ಫೈಜರ್ ಲಸಿಕೆಯ ಮೊದಲ ದೊಡ್ಡ ಪ್ರಯೋಗದಲ್ಲಿ ಎರಡನೇ ಡೋಸ್ ನಂತರ 55 ವರ್ಷದೊಳಗಿನವರಲ್ಲಿ ಶೇ. 59 ಜನಕ್ಕೆ ಸುಸ್ತು, ಶೇ. 52 ಜನಕ್ಕೆ ತಲೆನೋವು. ಅದಕ್ಕಿಂತ ಹಿರಿಯರಲ್ಲಿ ಎರಡೂ ಕಡಿಮೆ. ಆ ಲಸಿಕೆಯಲ್ಲಿ ಎರಡನೇ ಡೋಸೇ ಜೋರು. ನಮ್ಮ ಕೋವಿಶೀಲ್ಡ್ ಜಾತಿಯ ಲಸಿಕೆಯಲ್ಲಿ ಉಲ್ಟಾ, ಮೊದಲನೆಯದೇ ಜೋರು, ಎರಡನೆಯದು ಸಪ್ಪೆ. ಅಮೆರಿಕದ ಕಸಿನ್ ಮಾತು ಕೇಳಿ ಇಲ್ಲಿ ಎರಡನೇ ಡೋಸ್‌ಗೆ ಎರಡು ದಿನ ರಜೆ ಹಾಕಿ, ಏನೂ ಆಗದೆ ವೆಬ್ ಸೀರೀಸ್ ನೋಡಿ ಮುಗಿಸಿದವರು ಎಷ್ಟೋ ಜನ.

ಹಾಫ್ಕಿನ್‌ರ ಅಳತೆಗೋಲು ಇನ್ನೂ ನಮ್ಮ ತಲೆಯಲ್ಲಿದೆ. ಜ್ವರ ಬರಲಿಲ್ಲ, ಹಾಗಾದ್ರೆ ಕೆಲಸ ಮಾಡ್ಲಿಲ್ವಾ? ಅದೇ ಫೈಜರ್ ಪ್ರಯೋಗದಲ್ಲಿ ಎರಡನೇ ಡೋಸ್‌ಗೆ ಜ್ವರ ಬಂದದ್ದು ಕಿರಿಯರಲ್ಲಿ ಶೇ. 16 ಜನಕ್ಕೆ, ಲಸಿಕೆ ರೋಗ ತಡೆದದ್ದು ಶೇ. 95ರಷ್ಟು. ಲೆಕ್ಕ ನೀವೇ ಹಾಕಿ.

ಇನ್ನು ಡೋಲೋ. ಬೆಂಗಳೂರಿನ ಕಂಪನಿಯದೇ ಮಾತ್ರೆ, ಆ ವರ್ಷ ಅದರ ಮೇಲೆ ಹುಟ್ಟಿದಷ್ಟು ಮೀಮ್‌ಗಳು ಯಾವ ಸಿನಿಮಾದ ಮೇಲೂ ಹುಟ್ಟಲಿಲ್ಲ. ಚುಚ್ಚಿಸಿಕೊಳ್ಳೋ ಮೊದಲೇ ಒಂದು ನುಂಗಿ ಹೋಗೋದು ಹಲವರ ಪ್ಲಾನು. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಚೆಕ್ ದೇಶದ ಸುಮಾರು 459 ಕೂಸುಗಳ ಮೇಲೆ ಮಾಡಿದ ಅಧ್ಯಯನ ಬಂದಿತ್ತು. ಲಸಿಕೆಯ ಜೊತೆಗೇ ಮುಂಜಾಗ್ರತೆಗೆ ಪ್ಯಾರಸಿಟಮಾಲ್ ಕೊಟ್ಟ ಮಕ್ಕಳಲ್ಲಿ ಜ್ವರ ಕಡಿಮೆಯಾಯಿತು, ಆದರೆ ಹಲವು ಲಸಿಕೆಗಳಿಗೆ ಪ್ರತಿಕಾಯಗಳೂ ಸ್ವಲ್ಪ ಕಡಿಮೆಯಾದವು. ದೊಡ್ಡವರ ಬೂಸ್ಟರ್‌ಗೆ ಅದನ್ನೇ ಅನ್ವಯಿಸೋಕಾಗಲ್ಲ. ಆದರೂ ವೈದ್ಯರು ಸಾಮಾನ್ಯವಾಗಿ ಮೊದಲೇ ಬೇಡ, ಜ್ವರ ಬಂದಮೇಲೆ ತಗೊಳ್ಳಿ ಅಂದದ್ದು ಇಂಥ ಎಚ್ಚರಿಕೆಯಿಂದಲೇ.

ಎಲ್ಲಕ್ಕಿಂತ ತಮಾಷೆಯ ಅಂಕಿ 2022ರ ಜನವರಿಯಲ್ಲಿ ಬಂತು. ಕೋವಿಡ್ ಲಸಿಕೆಗಳ 12 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಲಸಿಕೆಯೇ ಇಲ್ಲದ ಉಪ್ಪುನೀರಿನಂಥ ಚುಚ್ಚು ಪಡೆದವರಲ್ಲೂ ಶೇ. 35 ಜನ ಮೊದಲ ಡೋಸಿನ ನಂತರ ಸುಸ್ತು, ತಲೆನೋವು ಅಂತ ಹೇಳಿದ್ದರು. ನೋವು ಬರುತ್ತೆ ಅಂತ ಕಾದು ಕೂತರೆ ಬರುತ್ತೆ. ಹಾಗಂತ ಅವರದ್ದು ಸುಳ್ಳು ನೋವಲ್ಲ. ತಲೆ ನಿಜವಾಗಿಯೂ ನೋಯುತ್ತಿತ್ತು, ಕಾರಣ ಮಾತ್ರ ಸಿರಿಂಜಿನಲ್ಲಿರಲಿಲ್ಲ. ಮೂರು ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಜ್ವರದ ವರದಿ ಓದಿ ಹೋಗೋದು ಒಳ್ಳೆಯ ತಯಾರಿಯೋ ಕೆಟ್ಟ ತಯಾರಿಯೋ, ನನಗಂತೂ ಅನುಮಾನ ಇದೆ.

2021ರಲ್ಲಿ ಅಮೆರಿಕದ ಸಿಡಿಸಿ ಕೆಲಸದ ಜಾಗಗಳಿಗೆ ಒಂದು ಸಲಹೆ ಕೊಟ್ಟಿತ್ತು. ಒಂದೇ ವಿಭಾಗದ ಸಿಬ್ಬಂದಿಗೆ ಒಂದೇ ದಿನ ಲಸಿಕೆ ಹಾಕಿಸಬೇಡಿ, ಸರದಿಯಲ್ಲಿ ಹಾಕಿಸಿ, ಆದರೆ ರಜೆಯ ಹಿಂದಿನ ದಿನ ಹಾಕಿಸಿ. ಮಾರಿಸ್‌ಟೌನ್‌ನ ಹಳೇ ಉಪಾಯವೇ, ಪಿಡಿಎಫ್ ರೂಪದಲ್ಲಿ. ನಮ್ಮ ಐಟಿ ಕಂಪನಿಗಳು ಕೆಲವು ಲಸಿಕೆ ರಜೆ ಅಂತಲೇ ಕೊಟ್ಟವು, ಕ್ಯಾಂಪಸ್ಸಿನಲ್ಲೇ ಶಿಬಿರ ಮಾಡಿದವು. 2022ರ ಏಪ್ರಿಲ್ 10ರಿಂದ ಹದಿನೆಂಟು ದಾಟಿದ ಎಲ್ಲರಿಗೂ ಮೂರನೇ ಡೋಸ್ ಸಿಗತೊಡಗಿತು, ಖಾಸಗಿ ಆಸ್ಪತ್ರೆಗಳಲ್ಲಿ, ದುಡ್ಡು ಕೊಟ್ಟು. ಜುಲೈ 15ರಿಂದ 75 ದಿನ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಯಿತು. ಡೋಸ್ ಉಚಿತ, ಮಾರನೇ ದಿನ ಉಚಿತ ಅಲ್ಲ. ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆ ಕೆಲಸ ಮಾಡೋ ಹೆಂಗಸು, ದಿನಕ್ಕೆ ಇಪ್ಪತ್ತು ಆರ್ಡರ್ ಮುಟ್ಟಿಸಬೇಕಾದ ಡೆಲಿವರಿ ಹುಡುಗ, ಇವರ ಶುಕ್ರವಾರ ಸಂಜೆಯ ಮುಂದೆ ಇರೋದು ಶನಿವಾರದ ಕೆಲಸ, ವಾರದ ಉಳಿದ ದಿನಗಳಿಗಿಂತ ಜಾಸ್ತಿ. ಆ ತಿಂಗಳುಗಳಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆ ಲಸಿಕೆಯಲ್ಲಿ ಏನಿದೆ ಅಂತ ಇರಲಿಲ್ಲ. ಹಾಕಿಸ್ಕೊಂಡ್ರೆ ನಾಳೆ ಬೆಳಿಗ್ಗೆ ಕೈ ಎತ್ತೋಕಾಗುತ್ತಾ ಅಕ್ಕಾ, ಬಕೆಟ್ ಹಿಡಿಯೋಕಾಗುತ್ತಾ, ಅಂತ ಇರುತ್ತಿತ್ತು.